ಸಂಡೂರಿನ ಗುಡ್ಡದಲ್ಲಿ ಕಡಿದ ಮರದ ಬೊಡ್ಡೆ ನೋಡುವ ಬಗೆ

ಸ್ವಾಮಿಮಲೈ, ದೋಣಿಮಲೈ ಸಾಲಿನಲ್ಲಿ ನಡೆಯುವಾಗ ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ. ಕಬ್ಬಿಣದ ಬಂಡೆಯಲ್ಲಿ ಮ್ಯಾಗ್ನೆಟೈಟ್ ಇದ್ದ ಕಡೆ ಮುಳ್ಳು ಉತ್ತರ ಬಿಟ್ಟು ವಾಲುತ್ತದೆ, ಮೊಬೈಲಿನದ್ದೂ ಅಷ್ಟೇ. ಉಪಗ್ರಹ ನೆಚ್ಚಿದ ಜಿಪಿಎಸ್‌ಗೆ ಈ ತೊಂದರೆಯಿಲ್ಲ. ಇಳಿಜಾರಿನಲ್ಲಿ ಅದಿರಿನ ಹರಳು ಕಾಲಡಿ ಉರುಳುವುದರಿಂದ ಚಿಕ್ಕ ಹೆಜ್ಜೆಯಿಟ್ಟು ಪಾದ ಪೂರ್ತಿ ಊರಬೇಕು. ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ಇದು ಎಲೆ ಉದುರಿಸುವ ಒಣ ಕಾಡು. ಮಾರ್ಚ್‌ನಲ್ಲಿ ದಿಂಡಿಗ ಬೋಳಾಗಿ ನಿಂತಾಗ ‘ಒಣಗಿದ ಮರ, ಕಡಿದರೇನು’ ಎನ್ನುವವರು ಸಿಗುತ್ತಾರೆ. ಎಳೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಕೆಳಗೆ ಹಸಿರು ಪದರ, ತುಸು ತೇವ ಕಂಡರೆ ಆ ಕೊಂಬೆಗೆ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿ ಪುಡಿಯಾದರೂ ತೀರ್ಪು ಕೊಡಬೇಡಿ, ಬುಡದ ಹತ್ತಿರ ಇನ್ನೊಮ್ಮೆ ಕೆರೆಯಿರಿ. ತುದಿ ಸತ್ತು ಬುಡ ಬದುಕಿರುವುದುಂಟು.

ಕಡಿದ ಮೇಲೂ ಮರದ ಕಥೆ ಮುಗಿಯುವುದಿಲ್ಲ. ತುಗ್ಗಲಿ, ದಿಂಡಿಗದಂಥವು ಬೊಡ್ಡೆಯಿಂದಲೇ ಚಿಗುರೊಡೆಯುತ್ತವೆ. ತೊಗಟೆಯಡಿ ಮಲಗಿದ್ದ ಮೊಗ್ಗುಗಳಿಗೆ ಬೇರಿನಲ್ಲಿ ಕೂಡಿಟ್ಟ ಪಿಷ್ಟವೇ ಆಹಾರ. ಎಲೆ ಉದುರಿದ ಕಾಲಕ್ಕೆ ಆ ದಾಸ್ತಾನು ತುಂಬಿರುತ್ತದೆ. ಹೊಸ ಎಲೆ ಬಿಡುವ ಹೊತ್ತಿಗೆ ಖರ್ಚಾಗಿರುತ್ತದೆ, ಆಗ ಕಡಿದರೆ ಚಿಗುರು ಬಡಕಲು. ಓರೆಯಾಗಿ ನಯವಾಗಿ ಕಡಿದ ಬೊಡ್ಡೆಯ ಮೇಲೆ ಮಳೆನೀರು ನಿಲ್ಲದು. ಸೀಳಿದ್ದರೆ ಅಥವಾ ತೊಗಟೆ ಕಿತ್ತು ಬಂದಿದ್ದರೆ ನೀರು ಇಳಿದು ಅಣಬೆ ಹತ್ತಿ ಕೊಳೆಯುತ್ತದೆ. ಮುಂದಿನ ಅಪಾಯ ಆಡಿನ ಬಾಯಿ ಮತ್ತು ಬೇಸಿಗೆಯ ಬೆಂಕಿ. ಚಿಗುರು ಆಡಿಗೆ ಎಟುಕದಷ್ಟು ಎತ್ತರವಾಗುವತನಕ ಸುತ್ತ ಮುಳ್ಳುಕಂಟಿ ಹಾಕಿದರೆ ಆಡಿನ ಕಾಟ ತಪ್ಪುತ್ತದೆ. ಅದೇ ಜಾಗದಲ್ಲಿ ಗುಂಡಿ ತೋಡಿ ಹೊಸ ಸಸಿ ನೆಡುವುದಕ್ಕಿಂತ ಇದು ಎಷ್ಟೋ ಅಗ್ಗ, ಫಲವೂ ಬೇಗ.

ಗಣಿಗಾಗಿ ಬೀಳುವ ಮರವೇ ಬೇರೆ, ಕೊಡಲಿಗೆ ಬೀಳುವ ಮರವೇ ಬೇರೆ ಎನ್ನುವುದು ಇದಕ್ಕೇ. ಕೊಡಲಿ ಬೇರು ಬಿಡುತ್ತದೆ. ಗಣಿ ಬೇರು, ಮಣ್ಣು, ಮಣ್ಣೊಳಗಿನ ಬೀಜವನ್ನೆಲ್ಲ ಒಟ್ಟಿಗೆ ಎತ್ತುತ್ತದೆ. ಸಂಡೂರಿನದೇ ದೇವದಾರಿ ಗುಡ್ಡದ ಗಣಿಗೆ ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರಕ್ಕೂ ಹೆಚ್ಚು ಮರ ಎಂಬ ಲೆಕ್ಕ 2024ರಲ್ಲಿ ದೊಡ್ಡ ಚರ್ಚೆಯಾಯಿತು. ಆ ಲೆಕ್ಕದಲ್ಲಿ ಬೇರಿಗೆ ಕಾಲಂ ಇರುವುದಿಲ್ಲ. ಕಡಿದ ಮರಕ್ಕೆ ಬದಲಾಗಿ ಬೇರೆಲ್ಲೋ ನೆಡುವ ಸಸಿ ಸೊನ್ನೆಯಿಂದ ಬೇರು ಕಟ್ಟಿಕೊಳ್ಳಬೇಕು, ಅದೂ ಬಳ್ಳಾರಿಯ ಬಿಸಿಲಲ್ಲಿ.

ಹೊಸ ಬೊಡ್ಡೆ ಕಂಡರೆ ದಾಖಲೆಗಾಗಿ ಅದರ ಸುತ್ತಳತೆಗೆ ಟೇಪು ಹಿಡಿದು ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ನಿಂತ ಮರವನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ರೂಢಿ, ಬೊಡ್ಡೆಯ ಅಳತೆ ಅದಕ್ಕಿಂತ ದಪ್ಪ ಬರುತ್ತದೆ. ಹಾಗಾಗಿ ಎಷ್ಟು ಎತ್ತರದಲ್ಲಿ ಅಳೆದಿರಿ ಎಂದೂ ಬರೆಯಿರಿ. ಜಿಪಿಎಸ್ ಬಿಂದು, ತಾರೀಖು, ಗರಗಸದ ಹುಡಿ ಹಸಿಯೋ ಒಣಗಿದೆಯೋ ಎಂಬುದೂ ಸೇರಲಿ. ಶ್ರೀಗಂಧದ ಕಾಂಡದಲ್ಲಿ ಸಣ್ಣ ತೂತು ಕಂಡರೆ ಕೇಗು (ಒಳಗಿನ ಗಟ್ಟಿ ತಿರುಳು) ಬಲಿತಿದೆಯೇ ಎಂದು ಕಳ್ಳರು ಪರೀಕ್ಷಿಸಿರಬಹುದು, ಮತ್ತೆ ಬರಲೂಬಹುದು. ಅಲ್ಲಿ ನಿಲ್ಲಬೇಡಿ, ಕೆಳಗಿಳಿದು ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ.