ಆ ಕುರ್ಚಿ ಎಂತ ಮಾಡೋದು?

ಮನೆಯಲ್ಲಿ ಸಾವಾಗಿ ತಿಂಗಳು, ಎರಡು ತಿಂಗಳಾದ ಮೇಲೆ ನನ್ನ ಹತ್ತಿರ ಬರುವವರು ಸಾವಿನ ಬಗ್ಗೆ ಕೇಳುವುದು ಕಡಿಮೆ. ಕೇಳುವುದು ಸಾಮಾನಿನ ಬಗ್ಗೆ. ಕನ್ನಡಕ ಎಲ್ಲಿಡೋದು, ಮೊಬೈಲ್ ನಂಬರ್ ಬಂದ್ ಮಾಡ್ಲಾ ಬೇಡ್ವಾ, ಆ ಕುರ್ಚಿ ಎಂತ ಮಾಡೋದು. ಶಿರಸಿಯಲ್ಲಿ ಆಪ್ತಸಮಾಲೋಚಕಿಯಾಗಿ 14 ವರ್ಷವಾಯಿತು. ವಾರಕ್ಕೊಂದು ದಿನ ಘಟ್ಟ ಇಳಿದು ಕುಮಟೆಗೂ ಹೋಗುತ್ತೇನೆ. ಎರಡೂ ಕಡೆ ಇದೇ ಪ್ರಶ್ನೆ. ಮೊದಮೊದಲು ಇದು ಸಣ್ಣ ವಿಷಯ ಅಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಳು. ಶಿರಸಿ ಹತ್ತಿರದ ಹಳ್ಳಿ. (ಗುರುತು ಸಿಗದ ಹಾಗೆ ಒಂದಿಷ್ಟು ಬದಲಿಸಿದ್ದೇನೆ, ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವಳು ಇಲ್ಲೇ ಉಳಿದಳು. ನಿವೃತ್ತ ಮಾಸ್ತರರಾಗಿದ್ದ ಅಪ್ಪಯ್ಯ ತಮ್ಮ ಹಲಸಿನ ಮರದ ಮೇಜಿನಲ್ಲಿ ಅರ್ಧ ಬಿಟ್ಟುಕೊಟ್ಟಿದ್ದರು. ಈಚೆ ಲ್ಯಾಪ್‌ಟಾಪ್, ಆಚೆ ಪೇಪರು, ಅಡಿಕೆ ಸೊಸೈಟಿಯ ಪಾಸ್‌ಬುಕ್ಕು, ಕವಳದ ಬಟ್ಟಲು. ಮೀಟಿಂಗ್ ನಡುವೆ ಅಪ್ಪಯ್ಯ ಅಡಿಕೆ ಕತ್ತರಿಸುವ ಸದ್ದು ಬೆಂಗಳೂರಿನವರಿಗೂ ಪರಿಚಯವಾಗಿತ್ತಂತೆ.

ಅವರು ಹೋದ ಮೇಲೆ ಎದುರಿನ ಕುರ್ಚಿ ಖಾಲಿ. ಹದಿಮೂರರ ದಿನ ಅತ್ತೆ, ‘ಮೆತ್ತಿನ ಮೇಲೆ ಹಾಕು, ಕಂಡಷ್ಟೂ ಬೇಜಾರು’ ಎಂದರು. ಆಯಿ (ಅಮ್ಮ), ‘ಮುಟ್ಟಡ ಕೂಸೇ’ ಎಂದಳು. ಇವಳು ಇಬ್ಬರ ಮಾತೂ ಬೇಡವೆಂದು ಲ್ಯಾಪ್‌ಟಾಪ್ ಎತ್ತಿಕೊಂಡು ಊಟದ ಮೇಜಿಗೆ ಹೋದಳು. ಎರಡು ತಿಂಗಳಲ್ಲಿ ಬೆನ್ನುನೋವು. ನನ್ನ ಹತ್ತಿರ ಅವಳನ್ನು ಕಳಿಸಿದ್ದು ಮೂಳೆ ಡಾಕ್ಟರು!

ನಮ್ಮ ಮಿದುಳಿಗೆ ರೂಢಿ ಜಾಸ್ತಿ. ಅದೇ ಜಾಗ, ಅದೇ ಹೊತ್ತು, ಅದೇ ಬೆಳಕು ಸಿಕ್ಕಿದರೆ ಮುಂದೆ ಬರಬೇಕಾದ್ದನ್ನು ಮೊದಲೇ ಕಾಯುತ್ತಿರುತ್ತದೆ. ನಾಲ್ಕು ಗಂಟೆಗೆ ‘ಚಾ ಆತನೇ?’ ಎಂಬ ದನಿ ಬರಬೇಕು. ಬರುವುದಿಲ್ಲ. ಅಪ್ಪಯ್ಯ ಇಲ್ಲ ಎಂದು ಗೊತ್ತಿಲ್ಲದೆ ಅಲ್ಲ. ಗೊತ್ತಾಗುವುದು ಒಂದೇ ದಿನದಲ್ಲಿ, ರೂಢಿ ಬಿಡುವುದಕ್ಕೆ ತಿಂಗಳುಗಟ್ಟಲೆ ಬೇಕು. ದಿನಕ್ಕೆ ಎಂಟು ತಾಸು ಎದುರುಬದುರು ಕೂತವರಿಗೆ ಈ ಏಟು ಎಷ್ಟು ಸಲ ಬೀಳುತ್ತದೆ, ನೀವೇ ಲೆಕ್ಕ ಹಾಕಿ. ಆಫೀಸಿಗೆ ಹೋಗುವವರಿಗೆ ಬಸ್ಸು ಹತ್ತಿದ ಮೇಲಾದರೂ ಸ್ವಲ್ಪ ಬಿಡುವು ಸಿಗುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಅದೂ ಇಲ್ಲ.

‘ನಾನೀಗ ಎಷ್ಟನೇ ಹಂತದಲ್ಲಿದ್ದೇನೆ ಮೇಡಂ?’ ಎಂದು ಇವಳೂ ಕೇಳಿದಳು. ಮೊಬೈಲಿನಲ್ಲಿ ಓದಿಕೊಂಡು ಬರುತ್ತಾರೆ. ಮನೋವೈದ್ಯೆ ಎಲಿಜಬೆತ್ ಕುಬ್ಲರ್-ರಾಸ್ 1969ರಲ್ಲಿ ಬರೆದ ಐದು ಹಂತಗಳು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ ಕಂಡುಕೊಂಡವು. ಉಳಿದವರ ದುಃಖಕ್ಕೆ ಅದು ಆಮೇಲೆ ಅಂಟಿಕೊಂಡಿತು. ನನಗೆ ದಿನವೂ ಉಪಯೋಗಕ್ಕೆ ಬರುವುದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಮಾತು. ಅಗಲಿದವರನ್ನು ನೆನೆದು ಅಳುವುದು ಒಂದು ಕೆಲಸ. ಅವರಿಲ್ಲದ ಬದುಕನ್ನು ಹೊಂದಿಸಿಕೊಳ್ಳುವುದು ಇನ್ನೊಂದು. ಮನಸ್ಸು ಇವೆರಡರ ನಡುವೆ ಹೋಗಿ ಬಂದು ಮಾಡುತ್ತಿರಬೇಕು.

ನಮ್ಮ ಕಡೆಯವರಿಗೆ ನಾನಿದನ್ನು ಶಿರಸಿ-ಕುಮಟೆ ನಡುವಿನ ದೇವಿಮನೆ ಘಟ್ಟದ ಲೆಕ್ಕದಲ್ಲಿ ಹೇಳುತ್ತೇನೆ. ಅಳು, ನೆನಪು ಘಟ್ಟದ ಕೆಳಗೆ. ಪೌತಿ ಖಾತೆ, ಬ್ಯಾಂಕು, ಆಫೀಸು, ಅಡುಗೆ ಘಟ್ಟದ ಮೇಲೆ. ದಿನವೂ ಹತ್ತಿ ಇಳಿಯಬೇಕು. ನಿನ್ನೆ ನಕ್ಕವಳು ಇವತ್ತು ಅತ್ತರೆ ಹಿಂದೆ ಬಿದ್ದಳು ಅಂತಲ್ಲ, ಸಂಜೆ ಬಸ್ಸಿಗೆ ಮತ್ತೆ ಇಳಿದಳು ಅಷ್ಟೆ. ನಾನು ಕರ್ಮಾಂತರದಲ್ಲಿ ಅಂಥ ನಂಬಿಕೆ ಇರುವವಳಲ್ಲ. ಆದರೂ ತಿಂಗಳಿಗೊಮ್ಮೆ ಮಾಸಿಕ, ವರ್ಷಕ್ಕೆ ವರ್ಷಾಂತಿಕ ಎಂದು ದಿನ ಗೊತ್ತುಮಾಡಿದವರಿಗೆ ಈ ಓಡಾಟ ಗೊತ್ತಿತ್ತು ಅನ್ನಿಸುತ್ತದೆ.

ಹುಡುಗಿಗೆ ಹೇಳಿದ್ದು ಇಷ್ಟೇ: ಕುರ್ಚಿ ತೆಗೆಯಬೇಡ, ಮೇಜು ತಿರುಗಿಸಿ ಕಿಟಕಿಗೆ ತಾಗಿಸು. ಕಾಲು ಸುತ್ತು ಸಾಕು. ಅದಕ್ಕೂ ಮೊದಲು ಇದ್ದ ಹಾಗೇ ಒಂದು ಫೋಟೋ ತೆಗೆ. ಆಯಿ ಮಲಗಿದಾಗ ಕದ್ದು ಮಾಡಬೇಡ, ಅವಳನ್ನು ಕೂರಿಸಿಕೊಂಡೇ ಮಾಡು. ಬ್ಯಾಂಕಿನ ಕಾಗದ, ಪಹಣಿ, ಸೊಸೈಟಿ ಶೇರು ಎಲ್ಲ ಒಂದು ಚೀಲಕ್ಕೆ ಹಾಕಿ ಬೇರೆ ಕೋಣೆಯಲ್ಲಿಡು. ಅವಕ್ಕೆ ವಾಯಿದೆ ಇರುತ್ತದೆ, ಮರಣ ನೋಂದಣಿಯನ್ನೇ 21 ದಿನದೊಳಗೆ ಮಾಡಿಸಬೇಕು. ಆ ಓಡಾಟವನ್ನೂ ಅಳುವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡರೆ ಎರಡೂ ಕೆಡುತ್ತವೆ.

ಮುಂದಿನ ವಾರ ಬಂದು ಹೇಳಿದಳು. ಮೇಜು ಸರಿಸಿದಾಗ ಕೆಂಪು ನೆಲದ ಮೇಲೆ ಅದರ ಕಾಲಿದ್ದಲ್ಲಿ ನಾಲ್ಕು ಚೌಕ ಕಂಡವಂತೆ. ಮೂವತ್ತು ವರ್ಷ ಬೆಳಕು ತಾಗದ ಕಡುಗೆಂಪು. ಆಯಿ ಕುರ್ಚಿ ನೋಡಿ ಅಳದವಳು ಆ ಚೌಕ ನೋಡಿ ಅತ್ತಳು. ಆಮೇಲೆ ಒದ್ದೆ ಬಟ್ಟೆ ತಂದು ಒರೆಸಿದಳು. ಹೋಗಲಿಲ್ಲ. ಇವಳ ಮುಖ ಈಗ ಕಿಟಕಿ ಕಡೆ, ಕುರ್ಚಿ ಎಡಗಡೆ ಹಿಂದೆ, ಪುಸ್ತಕದ ಕಪಾಟಿನ ಪಕ್ಕ. ಮೂರನೇ ದಿನಕ್ಕೆ ಮಳೆಯ ಎರಚಲು ಹೊಡೆದು ಮೇಜನ್ನು ಒಂದು ಮೊಳ ಹಿಂದಕ್ಕೆ ಎಳೆದಳಂತೆ. ಆಷಾಢದಲ್ಲಿ ಶಿರಸಿ ಮನೆಯ ಕಿಟಕಿಗೆ ಮೇಜು ತಾಗಿಸು ಎಂದ ನನ್ನ ಬುದ್ಧಿಗೆ ಏನು ಹೇಳೋದು!

ಕುರ್ಚಿಗೂ ಒಂದು ಕೆಲಸ ಕೊಟ್ಟೆವು. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅದರಲ್ಲಿ ಕೂತು ಅರ್ಧ ತಾಸು ಓದುವುದು. ಓದುತ್ತಾ ಅಳು ಬಂದರೆ ಅಳುವುದು. ಬೇರೆ ಹೊತ್ತಿನಲ್ಲಿ ಅಲ್ಲಿ ಕೂರುವ ಹಾಗಿಲ್ಲ.

ಆದರೆ ಓದಲಿಕ್ಕೇ ಆಗುವುದಿಲ್ಲ ಎನ್ನುವವರು ತುಂಬ ಜನ. ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ‘ನನಗೆ ಮರೆವಿನ ಕಾಯಿಲೆಯಾ?’ ಎಂದು ಹೆದರುತ್ತಾರೆ. ಅಲ್ಲ. ನಿದ್ದೆ ಕೆಟ್ಟಿರುತ್ತದೆ, ಗಮನವೆಲ್ಲ ದುಃಖದ ಪಾಲಾಗಿರುತ್ತದೆ. ಅಂಥ ಹೊತ್ತಿನಲ್ಲಿ ಹೊಸ ಕಾದಂಬರಿ ಹಿಡಿಯಬೇಡಿ. ಯಾರ ಮಗ ಯಾರು ಎಂದು ನೆನಪಿಡುವುದೇ ಭಾರವಾಗುತ್ತದೆ. ಹಿಂದೆ ಓದಿದ್ದನ್ನೇ ಓದಿ. ಕೊನೆಗೆ ಏನಾಗುತ್ತದೆಂದು ಗೊತ್ತಿರುವ ಕತೆ ಆಗ ದೊಡ್ಡ ಸಮಾಧಾನ, ಅದರಲ್ಲಿ ಯಾರೂ ಹೇಳದೆ ಕೇಳದೆ ಹೋಗಿಬಿಡುವುದಿಲ್ಲ. ಮಕ್ಕಳ ಕತೆ ಆದರೂ ಆದೀತು. ಅದೂ ಆಗದಿದ್ದರೆ ಯಾರಾದರೂ ಓದಲಿ, ನೀವು ಕೇಳಿ. ಸೂತಕದ ಮನೆಯಲ್ಲಿ ಗರುಡ ಪುರಾಣ ಓದಿಸುವುದು, ಮಳೆಗಾಲದಲ್ಲಿ ಭಾರತ ವಾಚನ ಮಾಡಿಸುವುದು ನಮಗೇನು ಹೊಸದಲ್ಲ. ಪುಸ್ತಕದಿಂದ ಮನಸ್ಸಿಗೆ ಮದ್ದು ಎನ್ನುವುದಕ್ಕೆ ‘ಬಿಬ್ಲಿಯೋಥೆರಪಿ’ ಎಂಬ ಹೆಸರು ಬಂದದ್ದು 1916ರಲ್ಲಿ, ಅಮೆರಿಕದ ಸ್ಯಾಮ್ಯುಯೆಲ್ ಕ್ರದರ್ಸ್ ಬರೆದ ಒಂದು ಲೇಖನದಿಂದ. ದುಃಖ ಮೀರುವುದು ಹೇಗೆ ಎಂದು ಪಾಠ ಹೇಳುವ ಪುಸ್ತಕಗಳನ್ನು ಮಾತ್ರ ನಾನು ಮೊದಲ ಆರು ತಿಂಗಳು ಯಾರಿಗೂ ಕೊಡುವುದಿಲ್ಲ. ಓದಿ ಹಾಗೆ ಮೀರಲಾಗದಿದ್ದರೆ ಅದೂ ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ಓದಲಾಗದವರಿಗೆ ಪುಸ್ತಕ ಒರೆಸುವ ಕೆಲಸವಾದರೂ ಇದೆ. ನಮ್ಮ ಮಳೆಗೆ ಎರಡು ವಾರ ಕಪಾಟು ಮುಚ್ಚಿಟ್ಟರೆ ರಟ್ಟಿನ ಮೇಲೆ ಬೂಸು ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣಬಟ್ಟೆಯಲ್ಲಿ, ದಿನಕ್ಕೆ ಕಪಾಟಿನ ಒಂದೇ ಸಾಲು. ಫ್ಯಾನಿನ ಗಾಳಿಗೆ ಒಣಗಲಿ, ಸುಡುಬಿಸಿಲು ಬೇಡ. ಮತ್ತೆ ಜೋಡಿಸುವಾಗ ಗೋಡೆಯಿಂದ ಎರಡು ಬೆರಳು ಜಾಗ ಬಿಡಿ. ಒಳಗಿಂದ ಬಸ್ ಟಿಕೇಟು, ರಸೀದಿ, ಒಣಗಿದ ಎಲೆ ಬೀಳುತ್ತವೆ. ಅಲ್ಲೇ ಕೂತು ತೀರ್ಮಾನ ಮಾಡಬೇಡಿ, ಒಂದು ಲಕೋಟೆಗೆ ಹಾಕಿಡಿ.

ಇಷ್ಟು ನಿಧಾನ ಯಾಕೆಂದರೆ ನಾನೇ ಒಮ್ಮೆ ಅವಸರ ಮಾಡಿ ಕೆಟ್ಟಿದ್ದೇನೆ. ವೃತ್ತಿಯ ಎರಡನೇ ವರ್ಷ. ಗಂಡ ಹೋಗಿ ಮೂರು ತಿಂಗಳಾಗಿದ್ದ ಒಬ್ಬರಿಗೆ, ‘ಅವರ ಪುಸ್ತಕಗಳನ್ನು ಲೈಬ್ರರಿಗೆ ಕೊಡಿ, ನಾಲ್ಕು ಜನ ಓದಲಿ’ ಎಂದೆ. ಕೊಟ್ಟರು. ವರ್ಷದ ಮೇಲೆ ಗೊತ್ತಾಯಿತು, ಅವರು ವಾರವಾರ ಆ ಲೈಬ್ರರಿಗೆ ಹೋಗಿ ಗಂಡನ ಪುಸ್ತಕಗಳನ್ನು ಹುಡುಕಿ ಹುಡುಕಿ ತೆಗೆದು ನೋಡುತ್ತಿದ್ದರು. ಗಂಡನ ಸಹಿಯ ಮೇಲೇ ಲೈಬ್ರರಿಯ ಮುದ್ರೆ ಬಿದ್ದಿತ್ತು. ಈಗ ನಾನು ವರ್ಷಾಂತಿಕ ಮುಗಿಯುವವರೆಗೆ ದಾನದ ಮಾತೇ ಎತ್ತುವುದಿಲ್ಲ.

ನಿಧಾನ ಅಂದರೆ ಸುಮ್ನೆ ಕಾಯುತ್ತಾ ಕೂರುವುದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ, ಅಂದರೆ ಅದರ 11ನೇ ಆವೃತ್ತಿಯಲ್ಲಿ, ಬಿಡದೆ ಕಾಡುವ ದುಃಖಕ್ಕೆ ಪ್ರತ್ಯೇಕ ಹೆಸರಿದೆ. 6 ತಿಂಗಳು ಕಳೆದರೂ ದಿನವಿಡೀ ಅದೇ ಹಂಬಲ, ಕೆಲಸ-ಊಟ ಯಾವುದೂ ಸಾಗದ ಸ್ಥಿತಿ ಇದ್ದರೆ ಮೇಜು ತಿರುಗಿಸುವುದರಿಂದ ಆಗುವುದಿಲ್ಲ, ಮನೋವೈದ್ಯರನ್ನು ಕಾಣಬೇಕು. ತಾನೂ ಹೋಗಿಬಿಡಬೇಕು ಎಂಬ ಯೋಚನೆ ಬಂದರೆ ಆರು ತಿಂಗಳಲ್ಲ, ಆರು ದಿನವೂ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕುಮಟೆಯಲ್ಲಿ ಒಬ್ಬರು ಟೈಲರ್ ಇದ್ದಾರೆ. ಮನೆಯ ಜಗಲಿಯಲ್ಲೇ ಎರಡು ಹೊಲಿಗೆ ಮಶೀನು, ಒಂದು ಅವರದ್ದು, ಒಂದು ಹೆಂಡತಿಯದ್ದು. ಹೆಂಡತಿ ಹೋದ ಮೇಲೆ ಅವಳ ಮಶೀನಿಗೆ ಲುಂಗಿ ಹೊದೆಸಿ ಇಟ್ಟಿದ್ದರು. ಬಿಟ್ಟರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಎಣ್ಣೆಯಾದರೂ ಬಿಡಿ ಎಂದೆ. ಎಣ್ಣೆ ಬಿಡಲು ಡ್ರಾಯರ್ ಎಳೆದಾಗ ಒಂದು ಕಟ್ಟು ಸಿಕ್ಕಿತು. ಸುಧಾ, ತರಂಗದ ಧಾರಾವಾಹಿ ಹಾಳೆಗಳನ್ನು ಹರಿದು, ಹೊಲಿದು ಪುಸ್ತಕ ಮಾಡುವುದು ಆಗ ನಮ್ಮ ಕಡೆ ಎಷ್ಟೋ ಮನೆಯಲ್ಲಿತ್ತು. ಇದು ಮಶೀನಿನಲ್ಲೇ, ನೀಲಿ ನೂಲಿನಲ್ಲಿ ಹೊಲಿದದ್ದು. ಅಂಚಿನಲ್ಲಿ ಅಲ್ಲಲ್ಲಿ ಅವಳ ಅಕ್ಷರ: ‘ಎದೆ 36, ತೋಳು 9.’

ಇವರು ಹುಟ್ಟಾ ಓದುವ ಮನುಷ್ಯರಲ್ಲ. ಈಗ ದಿನಕ್ಕೊಂದು ಕಂತು ಓದುತ್ತಾರೆ, ಅವಳ ಮಶೀನಿನ ಮುಂದೆಯೇ ಕೂತು. ಹೋದ ವಾರ ಬಂದವರು ಕೂರುವ ಮೊದಲೇ ಹೇಳಿದರು, ‘ಅಕ್ಕೋರೇ, 22 ಆದ ಮೇಲೆ ಸೀದಾ 24 ಅದೆ. 23 ಇಲ್ಲ.’ ಆ ವಾರದ ಪತ್ರಿಕೆಯನ್ನು ಹೆಂಡತಿ ಯಾರಿಗೋ ಓದಲು ಕೊಟ್ಟಿರಬೇಕು ಎಂದು ಅವರ ಊಹೆ. ಅಳತೆ ಕೊಡಲು ಬರುವ ಹಳೇ ಗಿರಾಕಿಗಳನ್ನೆಲ್ಲ ಕೇಳುತ್ತಿದ್ದಾರೆ.