ಬಿಪಿಎಲ್ಲೂ ಅಲ್ಲ, ಇಎಸ್‌ಐಯೂ ಇಲ್ಲ

ಸಕ್ಕರೆ ಕಾಯಿಲೆಯವರು ನನ್ನ ಕ್ಲಿನಿಕ್ಕಿಗೆ ಬಂದರೆ ಮಾತ್ರೆಯ ಸ್ಟ್ರಿಪ್ ತೋರಿಸಿ ಎಂದು ಕೇಳುವುದು ನನಗೆ ರೂಢಿಯಾಗಿದೆ. ಕಳೆದ ತಿಂಗಳು ಹಾರ್ಡ್‌ವೇರ್ ಅಂಗಡಿಯ ನೌಕರರೊಬ್ಬರು ಜೇಬಿನಿಂದ ತೆಗೆದ ಸ್ಟ್ರಿಪ್ಪನ್ನು ಮೆಡಿಕಲ್ ಶಾಪಿನವರು ಕತ್ತರಿಯಿಂದ ಅರ್ಧ ಮಾಡಿದ್ದರು. ಐದು ಮಾತ್ರೆಯ ಆ ತುಂಡಿನಲ್ಲಿ ಔಷಧದ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿತ್ತು. ‘ಸಂಬಳ ಆದ ಮೇಲೆ ಉಳಿದದ್ದು ತಗೊಳ್ತೀನಿ ಸಾರ್’ ಎಂದರು. ಚಪ್ಪಲಿಯ ಉಂಗುಷ್ಟ ಉಜ್ಜಿ ಹೆಬ್ಬೆರಳಿನ ಬುಡದಲ್ಲಿ ಆದ ಹುಣ್ಣು ಮೂರು ವಾರವಾದರೂ ಮಾಗಿರಲಿಲ್ಲ. ಸ್ಪರ್ಶಜ್ಞಾನ ಪರೀಕ್ಷಿಸಲು ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಇಷ್ಟೊಂದು ಯೋಜನೆಗಳಿರುವ ರಾಜ್ಯದಲ್ಲಿ ಇವರು ಹೇಗೆ ಹೊರಗುಳಿದರು? ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ 10,000. ಇವರ ಸಂಬಳ 14,000. ನೌಕರರ ರಾಜ್ಯ ವಿಮೆಯಾದ ಇಎಸ್‌ಐಗೆ ವೇತನದ ಮಿತಿ 21,000 ರೂಪಾಯಿಯಾದ್ದರಿಂದ ಅಲ್ಲಿ ಜಾಗವಿರಬೇಕಿತ್ತು, ಆದರೆ ಅದು ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಅನ್ವಯಿಸುತ್ತದೆ, ಇವರ ಅಂಗಡಿಯಲ್ಲಿರುವುದು ಆರು ಜನ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ. ಇವರಿಗೆ ಜಮೀನೂ ಇಲ್ಲ, ಸೊಸೈಟಿಯ ಷೇರೂ ಇಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡತನದ ರೇಖೆಗಿಂತ ಮೇಲಿನ ಎಪಿಎಲ್‌ನವರಿಗೂ ಪಾಲಿದೆ ಎಂಬುದು ನಿಜ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯಿದ್ದರೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಮೊತ್ತದ) ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಒಂದು ಲಕ್ಷದ ಪ್ಯಾಕೇಜಾದರೆ ರೋಗಿಯ ಪಾಲು 70,000, ಅಂದರೆ ಇವರ ಐದು ತಿಂಗಳ ಸಂಬಳ. ತುರ್ತು ಚಿಕಿತ್ಸೆಯಲ್ಲದಿದ್ದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ಸೇರಿದವರಿಗೆ ಆ ಶೇ 30 ಕೂಡ ಸಿಗುವುದಿಲ್ಲ. (ಮೊದಲು ಅಡ್ಮಿಟ್ ಮಾಡಿ, ಆಮೇಲೆ ಪತ್ರಕ್ಕಾಗಿ ಓಡಾಡುವ ಮನೆಯವರನ್ನು ನಾನು ಆಗಾಗ ನೋಡುತ್ತಿರುತ್ತೇನೆ.)

ನನ್ನ ತಕರಾರು ಇದಕ್ಕೂ ಹಿಂದಿನ ಹಂತದ್ದು. ಈ ಯೋಜನೆಗಳ ಹಣ ಬರುವುದು ರೋಗಿ ಹಾಸಿಗೆ ಹಿಡಿದ ಮೇಲೆ. ಆಯುಷ್ಮಾನ್ ಭಾರತ್‌ನ ನಿಯಮದಂತೆ ದಾಖಲಾಗುವ ಮುಂಚಿನ ಮೂರು ದಿನ, ಬಿಡುಗಡೆಯ ನಂತರದ ಹದಿನೈದು ದಿನದ ಖರ್ಚು ಅದರಲ್ಲಿ ಸೇರುತ್ತದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹದಿನಾರನೆಯ ದಿನದಿಂದ ಜೀವನಪರ್ಯಂತ ನುಂಗಬೇಕಾದ ಮಾತ್ರೆಗಳು ಸೇರುವುದಿಲ್ಲ. ಕೊಳೆತ ಕಾಲ್ಬೆರಳನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಪ್ಯಾಕೇಜ್ ಇದೆ, ಅದು ಕೊಳೆಯದಂತೆ ಕಾಯುವ ದಿನನಿತ್ಯದ ಔಷಧಕ್ಕೆ ಇಲ್ಲ. ಹೀಗಾಗಿ ಹೊರರೋಗಿಯಾಗಿರುವಷ್ಟು ಕಾಲ ಬಿಪಿಎಲ್ ಕಾರ್ಡಿನವರೂ ವಿಮೆಯಿಲ್ಲದವರೇ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್, ಬಿಪಿಗೆ ಕೊಡುವ ಅಮ್ಲೋಡಿಪಿನ್ ಪುಕ್ಕಟೆ ಸಿಗುತ್ತವೆ, ಮೂವತ್ತು ದಾಟಿದವರಿಗೆ ಸಕ್ಕರೆ, ಬಿಪಿ ತಪಾಸಣೆಯೂ ಅಲ್ಲಿ ಉಂಟು. ಹಾಗಿದ್ದೂ ಹೋಗುವುದಿಲ್ಲವೆಂದು ರೋಗಿಗಳನ್ನು ಗದರುತ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಕೇಂದ್ರ ತೆರೆದಿರುವ ಹೊತ್ತೇ ಅಂಗಡಿಯೂ ತೆರೆದಿರುವ ಹೊತ್ತು, ಅರ್ಧ ದಿನ ತಪ್ಪಿಸಿಕೊಂಡರೆ ಅರ್ಧ ದಿನದ ಕೂಲಿ ಹೋಗುತ್ತದೆ. ಆ ಹಣದಲ್ಲಿ ಹೊರಗಡೆಯೇ ಹತ್ತು ಮಾತ್ರೆ ಬರುವಾಗ ಅವರ ಲೆಕ್ಕ ತಪ್ಪೆನ್ನಲಾರೆ.

ಖಾಸಗಿ ವಿಮೆಯ ವಿಷಯ ಚಿಕ್ಕದು. ಮೊದಲೇ ಇರುವ ಕಾಯಿಲೆಗೆ ವಿಮೆಯ ಹಣ ಸಿಗಲು ಕಾಯುವ ಅವಧಿ 2024ರಿಂದ ಗರಿಷ್ಠ 36 ತಿಂಗಳಿಗೆ ಇಳಿದಿದೆ, ವೈಯಕ್ತಿಕ ಪಾಲಿಸಿಯ ಮೇಲಿನ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ ಎಂದಷ್ಟೇ ಹೇಳುತ್ತೇನೆ, ಕ್ಲೇಮಿನ ಹೊತ್ತಿಗೆ ಹಳೆಯ ಚೀಟಿಗಳು ಹೊರಬರುತ್ತವೆ. ಹುಣ್ಣು ಈಗಲೇ ಇರುವವರಿಗೆ ಮೂರು ವರ್ಷ ಬಹಳ ದೂರ.

ಅವರ ಗಾಯವನ್ನು ತೊಳೆದು ಡ್ರೆಸಿಂಗ್ ಮಾಡಿ, ಹೆಬ್ಬೆರಳಿಗೆ ತಗುಲದ ಪಟ್ಟಿಯ ಚಪ್ಪಲಿ ಹಾಕಿಕೊಳ್ಳಲು ಹೇಳಿದೆ. ಜನೌಷಧಿ ಅಂಗಡಿಯಲ್ಲಿ ಸಿಗುವಂತೆ ಔಷಧಗಳನ್ನು ಜನರಿಕ್ ಹೆಸರಿನಲ್ಲೇ ಬರೆದೆ. ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆಯೇ ಕೇಳಿ ಎಂದೆ. ತಿಂಗಳಿಗೆ ಒಂದು ಬೆಳಿಗ್ಗೆ ಬಿಡುವು ಬೇಕೆಂದು ಅಂಗಡಿಯ ಮಾಲೀಕರಿಗೆ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟೆ. ಸಂಬಳ ಹಿಡಿಯಬೇಡಿ ಎನ್ನುವ ಅಧಿಕಾರ ವೈದ್ಯನಿಗಿಲ್ಲವಾದ್ದರಿಂದ, ಕೆಳಗೆ ‘ದಯವಿಟ್ಟು’ ಎಂದು ಸೇರಿಸಿದೆ.