ತಾವರೆಕೊಳದ ಮಂಜು: ಝೌ ಸಿತ್ಸೊಂಗ್ ಅವರ ಮಸಿ, ಕಾಗದ ಮತ್ತು ನೀರು

ಚೀನಾದ ಕಲಾವಿದೆ ಝೌ ಸಿತ್ಸೊಂಗ್ (1939–1996) ಅವರ ತಾವರೆಕೊಳದ ಚಿತ್ರಗಳಲ್ಲಿ ನೀರಿಗೆಂದೇ ಎಳೆದ ಗೆರೆ ಅಪರೂಪ. ಬೂದುಬಣ್ಣದ ಎಲೆಗಳು ಅಂಚಿನಲ್ಲಿ ಕರಗಿ ಮಂಜಾಗುತ್ತವೆ. ಆ ಮಂಜನ್ನೇ ನಮ್ಮ ಕಣ್ಣು ನೀರೆಂದು ನಂಬುತ್ತದೆ.

ಅವರಿಗೆ ಹೆಸರು ತಂದದ್ದು ಮನುಷ್ಯರ ಚಿತ್ರಗಳು. ಭೂಕಂಪ ಸಂತ್ರಸ್ತರ ನಡುವೆ ನಿಂತ ಪ್ರಧಾನಿ ಚೌ ಎನ್‌ಲಾಯ್ ಅವರನ್ನು 1979ರಲ್ಲಿ ಚಿತ್ರಿಸಿದರು. ಆಮೇಲೆ ಗಣಿ ಕಾರ್ಮಿಕರ ಬವಣೆಯ ಸರಣಿ ಬಂತು. ಅಷ್ಟರಲ್ಲಿ ರುಮಟಾಯ್ಡ್ ಸಂಧಿವಾತ ಬೆರಳುಗಳನ್ನು ಸೊಟ್ಟಗಾಗಿಸಿತು. ತಾವರೆಗಳು ಆ ನಂತರದ ವರ್ಷಗಳವು. ನನಗಂತೂ ಇವೇ ಹೆಚ್ಚು ಇಷ್ಟ.

ಈ ಚಿತ್ರಗಳಿಗೆ ಬಳಸುವ ಮಸಿಯ ಮೂಲ ಪೈನ್ ಮರ ಅಥವಾ ಎಣ್ಣೆ ಉರಿದಾಗ ಸಿಗುವ ಕಾಡಿಗೆ. ಅದಕ್ಕೆ ಪ್ರಾಣಿಜನ್ಯ ಅಂಟು ಬೆರೆಸಿ ಕಡ್ಡಿಯಾಗಿ ಒಣಗಿಸುತ್ತಾರೆ. ಬೇಕೆಂದಾಗ ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರೆ. ಇಂಗಾಲದ ಕಣಗಳು ಹತ್ತಾರು ನ್ಯಾನೋಮೀಟರ್ ಗಾತ್ರದವು. ಅಂಟು ಅವುಗಳಿಗೆ ಕವಚವಾಗಿ, ಒಂದಕ್ಕೊಂದು ಮೆತ್ತಿಕೊಳ್ಳದಂತೆ ತಡೆಯುತ್ತದೆ.

ಕಾಗದದ್ದು ಬೇರೆಯೇ ಸ್ವಭಾವ. ಆನ್‌ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಒಂದು ಬಗೆಯ ಮರದ ತೊಗಟೆಯ ನಾರು ಮತ್ತು ಭತ್ತದ ಹುಲ್ಲಿನಿಂದ ತಯಾರಾಗುವ ಷುವಾನ್ ಕಾಗದದಲ್ಲಿ ನಾರುಗಳ ನಡುವೆ ಸೂಕ್ಷ್ಮ ಸಂದುಗಳಿವೆ. ಕುಂಚ ತಾಗಿದೊಡನೆ ಅವು ನೀರನ್ನು ಹೀರಿಕೊಂಡು ಓಡಿಸುತ್ತವೆ. ದೀಪದ ಬತ್ತಿ ಎಣ್ಣೆ ಹೀರುವಂತೆಯೇ ಇದು. 1918ರಲ್ಲಿ ಲೂಕಾಸ್, 1921ರಲ್ಲಿ ವಾಶ್‌ಬರ್ನ್ ಎಂಬ ವಿಜ್ಞಾನಿಗಳು ಇದರ ಲೆಕ್ಕ ಕೊಟ್ಟರು: ಹರಡುವ ದೂರ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಒಂದು ಕ್ಷಣದಲ್ಲಿ ಕ್ರಮಿಸಿದ್ದರ ಎರಡರಷ್ಟು ದೂರಕ್ಕೆ, ನೀರು ಸಾಕಷ್ಟಿದ್ದರೆ, ಸುಮಾರು ನಾಲ್ಕು ಕ್ಷಣ ಬೇಕು. ಹೊರಟಾಗ ಧಾವಂತ, ಹೋಗುತ್ತಾ ನಿಧಾನ.

ಎಲೆಯ ಒಂದು ಅಂಚನ್ನೇ ದಿಟ್ಟಿಸಿ ನೋಡಿ. ನೀರು ಮುಂದೆ ಹೋಗುತ್ತದೆ. ಇಂಗಾಲದ ಕಣಗಳು ನಾರಿಗೆ ಅಂಟಿಕೊಂಡು ಹಿಂದೆ ಉಳಿಯುತ್ತವೆ. ಹೀಗಾಗಿ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಬಿಳಿಗೆ ಸಾಗುವ ಅಂಚು ತಾನಾಗಿ ಮೂಡುತ್ತದೆ. ಮೊದಲೇ ಒದ್ದೆಯಾದ ಕಡೆ ಕುಂಚವಿಟ್ಟರೆ ಈ ಸಾಗಾಟ ಇನ್ನೂ ದೂರ. ಕಾಗದಕ್ಕೆ ಪಟಿಕದ ನೀರು ಬಳಿದರೆ ಸಂದುಗಳು ಅಷ್ಟಾಗಿ ಹೀರುವುದಿಲ್ಲ, ಮಸಿ ಇಟ್ಟಲ್ಲೇ ನಿಲ್ಲುತ್ತದೆ.

ತಮಾಷೆಯೆಂದರೆ, ನೀರು ಅಂಟದ ಎಲೆಗೆ ತಾವರೆಯದು ಎಂದಿನಿಂದಲೂ ನಮ್ಮ ಉದಾಹರಣೆ. ಅದರ ಮೇಲ್ಮೈಯ ಸೂಕ್ಷ್ಮ ಉಬ್ಬುಗಳೂ ಮೇಣವೂ ಹನಿಯನ್ನು ಉಂಡೆಯಾಗಿಸಿ ಉರುಳಿಸಿಬಿಡುತ್ತವೆ. ಇಲ್ಲಿ ಅದೇ ಎಲೆ ಮೂಡುವುದು ನೀರು ಕಂಡರೆ ಬಿಡದ ಕಾಗದದ ಮೇಲೆ.

ಕೈಯಲ್ಲಿ ಶಕ್ತಿಯಿಲ್ಲದ್ದರಿಂದಲೇ ಈ ಮೃದುತ್ವ ಬಂತು ಎನ್ನುವುದು ಸುಲಭದ ಮಾತು. ಬಲ ಕಡಿಮೆ ಸಾಕೇನೋ. ಅಳತೆ ಹೆಚ್ಚೇ ಬೇಕು. ಕುಂಚದಲ್ಲಿ ಎಷ್ಟು ನೀರಿದೆ, ಕೆಳಗಿನ ಪದರ ಎಷ್ಟು ಒಣಗಿದೆ, ಮುಂದಿನ ಬಳಿತ ಯಾವ ಗಳಿಗೆಯಲ್ಲಿ ಎಂಬ ಅಂದಾಜು ಒಮ್ಮೆ ತಪ್ಪಿದರೆ ತಿದ್ದಲು ದಾರಿಯಿಲ್ಲ. ಕಾಗದ ಸೇರಿದ ಕಪ್ಪನ್ನು ಯಾರೂ ವಾಪಸು ತೆಗೆಯಲಾರರು.

ಚಿತ್ರ ಮುಗಿದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ಸುಕ್ಕುಗಟ್ಟಿದ ಹಾಳೆಯನ್ನು ಮತ್ತೆ ಒದ್ದೆ ಮಾಡಿ, ಹಿಂಬದಿಗೆ ಹಿಟ್ಟಿನ ಗೋಂದಿನಿಂದ ಇನ್ನೊಂದು ಕಾಗದ ಅಂಟಿಸುತ್ತಾರೆ. ಆಗ ತಾಜಾ ತೇದ ಮಸಿ ಸಾಮಾನ್ಯವಾಗಿ ಅಲುಗಾಡುವುದಿಲ್ಲ. ಅಂಟು ಕೊಳೆತ ಹಳಸಲು ಮಸಿಯಾದರೆ ಕದಡಿ ಹರಿಯುವ ಅಪಾಯವಿದೆ; ಅಂಥ ಚಿತ್ರ ಬಂದಾಗ ಹಾಳೆ ಅಂಟಿಸುವ ಕುಶಲಕರ್ಮಿಗಳು ಬಹಳ ಎಚ್ಚರದಿಂದಿರುತ್ತಾರೆ.